ಮೆಕ್ಸಿಕೊದ ‘ಪ್ರಾದೇಶಿಕ’ ಹಾಡು: ಕುಣಿಯುವವರು, ಮೂಗು ಮುರಿಯುವವರು

2025ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ನಗರದ ಸಮೀಪದ ಟೆಸ್ಕೊಕೊ ಎಂಬ ಊರಿನ ಕುದುರೆ ಜಾತ್ರೆಯಲ್ಲಿ ಲೂಯಿಸ್ ಆರ್. ಕೊನ್ರಿಕೆಸ್ ಎಂಬ ಗಾಯಕ ವೇದಿಕೆ ಹತ್ತಿದ. ಜನ ಟಿಕೆಟ್ ಕೊಟ್ಟು ಬಂದಿದ್ದು ಅವನಿಗೆ ಹೆಸರು ತಂದ ಹಾಡುಗಳಿಗಾಗಿ. ಮಾದಕವಸ್ತು ದೊರೆಗಳ ಠೀವಿ, ಬಂದೂಕು, ಬೆಂಗಾವಲು ಪಡೆಗಳನ್ನು ಕೊಂಡಾಡುವ ಹಾಡುಗಳವು. ಈ ರಾತ್ರಿ ಅವನ್ನು ಹಾಡುವಂತಿಲ್ಲ, ನಿರ್ಬಂಧವಿದೆ ಎಂದು ಅವನು ಹೇಳಿದ. ಮೊದಲು ಸಿಳ್ಳೆ, ಬೈಗುಳ; ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ವೇದಿಕೆಯತ್ತ ತೂರಿ ಬಂತು. ಗಾಯಕ ಜಾಗ ಖಾಲಿ ಮಾಡಿದ ಮೇಲೆ ಜನ ಮೇಲೇರಿ ವಾದ್ಯಗಳನ್ನು ಒಡೆದು ಹಾಕಿದರು.

ಅದಕ್ಕೆ ಎರಡು ವಾರ ಮುಂಚೆ ಗ್ವಾದಲಹಾರಾ ಪಕ್ಕದ ಸಪೊಪಾನ್‌ನ ತೆಲ್ಮೆಕ್ಸ್ ಸಭಾಂಗಣದಲ್ಲಿ ‘ಲೋಸ್ ಅಲೆಗ್ರೆಸ್ ದೆಲ್ ಬರ‍್ರಾಂಕೊ’ ಎಂಬ ತಂಡ ಹಾಡುತ್ತಿರುವಾಗ ಹಿಂದಿನ ಪರದೆಯ ಮೇಲೆ ಹಲಿಸ್ಕೊ ಮಾದಕಜಾಲದ ಮುಖ್ಯಸ್ಥ ‘ಎಲ್ ಮೆಂಚೊ’ನ ಚಿತ್ರ ಮೂಡಿತ್ತು. ಸಭಿಕರು ಚಪ್ಪಾಳೆ ತಟ್ಟಿದ್ದರು. ಅದೇ ರಾಜ್ಯದ ತೆಉಚಿತ್ಲಾನ್‌ನಲ್ಲಿ, ಅದೇ ಮಾರ್ಚ್ ತಿಂಗಳಲ್ಲಿ, ಕಾಣೆಯಾದವರನ್ನು ಹುಡುಕುತ್ತ ಹೊರಟ ಬಂಧುಗಳ ಕಣ್ಣಿಗೆ ಒಂದು ತೋಟದಲ್ಲಿ ಸುಟ್ಟ ಮೂಳೆಯ ಚೂರುಗಳೂ ನೂರಾರು ಜೋಡಿ ಪಾದರಕ್ಷೆಗಳೂ ಬಿದ್ದಿದ್ದವು. ಆ ಚಪ್ಪಾಳೆಯನ್ನು ಟಿವಿಯಲ್ಲಿ ಕೇಳಿದ ತಾಯಂದಿರಿಗೆ ಏನನ್ನಿಸಿರಬೇಡ! ಅಮೆರಿಕ ಆ ತಂಡದ ವೀಸಾಗಳನ್ನು ರದ್ದು ಮಾಡಿತು.

ಹೀಗೆ ಹೇಳಿಬಿಟ್ಟರೆ ತೀರ್ಪು ಸುಲಭ. ಆದರೆ ‘ಪ್ರಾದೇಶಿಕ ಮೆಕ್ಸಿಕನ್’ ಎಂಬ ಹೆಸರಿನಡಿ ಇರುವುದು ಒಂದು ಸಂಗೀತವಲ್ಲ, ಒಂದು ಗೋದಾಮು. ಹೆಸರಿಟ್ಟದ್ದೂ ಮೆಕ್ಸಿಕೊದವರಲ್ಲ, ಅಮೆರಿಕದ ರೇಡಿಯೊ ಮತ್ತು ಧ್ವನಿಮುದ್ರಣ ಉದ್ಯಮ. ಪಿಟೀಲು, ತುತ್ತೂರಿ, ಗಿಟಾರ್‌ಗಳ ಹಲಿಸ್ಕೊದ ಮಾರಿಯಾಚಿ. ಅಕಾರ್ಡಿಯನ್ ಮತ್ತು ಹನ್ನೆರಡು ತಂತಿಯ ಬಾಹೊ ಸೆಕ್ಸ್ತೊ ಸೇರಿದ ಉತ್ತರದ ನೊರ್ತೆನ್ಯೊ. ಹತ್ತಾರು ಮಂದಿ ಹಿತ್ತಾಳೆ ವಾದ್ಯಗಳನ್ನು ಊದುವ ಸಿನಲೋವಾದ ಬಾಂದಾ. ಮೂವರೇ ಕೂತು ನುಡಿಸುವ ಬೆಟ್ಟದ ಸೀಮೆಯ ಸಿಯೆರೆನ್ಯೊ. ಟೆಕ್ಸಸ್‌ನ ತೆಹಾನೊ. ಎಲ್ಲವೂ ಅದರೊಳಗೆ. ಅಮೆರಿಕದಲ್ಲಿ ಮೆಕ್ಸಿಕನ್ ಮೂಲದವರೇ ಮೂರೂವರೆ ಕೋಟಿಗೂ ಹೆಚ್ಚಿದ್ದಾರೆ. ಅಷ್ಟು ಜನ ಕೇಳುವುದನ್ನು ‘ಪ್ರಾದೇಶಿಕ’ ಎಂದು ಮೂಲೆಗೆ ಸರಿಸಿದ್ದರಲ್ಲೇ ಅಸಡ್ಡೆಯ ವಾಸನೆಯಿದೆ.

ಈ ಅಸಡ್ಡೆಗೆ ಮಾದಕವಸ್ತುವೇ ಕಾರಣ ಎಂದು ನಾನು ನಂಬುವುದಿಲ್ಲ. ಅದು ಅದಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಮತ್ತು ಬೊಹೀಮಿಯಾದ ವಲಸಿಗರ ಜೊತೆ ಅಕಾರ್ಡಿಯನ್ನೂ ಪೋಲ್ಕಾ ಕುಣಿತವೂ ಟೆಕ್ಸಸ್ ಮತ್ತು ಈಶಾನ್ಯ ಮೆಕ್ಸಿಕೊಗೆ ಬಂದವು. ದನ ಕಾಯುವವರು, ಹತ್ತಿ ಬಿಡಿಸುವವರು ಆ ಪೆಟ್ಟಿಗೆಯನ್ನು ಕೈಗೆತ್ತಿಕೊಂಡರು. ಅಲ್ಲಿಂದ ಮುಂದೆ ಮೇಲ್ವರ್ಗಕ್ಕೆ ಅದು ಹೆಂಡದಂಗಡಿಯ ವಾದ್ಯವಾಯಿತು. ಬಾಂದಾದ ಪಾಡೂ ಅದೇ. ಕ್ರೂಸ್ ಲಿಸಾರ‍್ರಾಗಾ 1938ರಲ್ಲಿ ಕಟ್ಟಿದ ‘ಎಲ್ ರೆಕೊದೊ’ ತಂಡ ಇವತ್ತು ಸಿನಲೋವಾದ ಹೆಮ್ಮೆ. ಆದರೆ ಆ ಊದುವಿಕೆ ಸಭ್ಯರ ಮನೆಯ ಅಂಗಳ ತುಳಿಯಲು ದಶಕಗಳೇ ಹಿಡಿದವು. ಮಾರಿಯಾಚಿಗೆ ಸಿನಿಮಾ ಸಿಕ್ಕಿತು, ಸರ್ಕಾರದ ಆಶ್ರಯ ಸಿಕ್ಕಿತು, 2011ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ಕುಡಿದು ಕೊರಗುವ, ಪ್ರಾಣ ಕೊಡುವ, ಪ್ರಾಣ ತೆಗೆಯುವ ಗಂಡಸರ ಹಾಡುಗಳು ಅದರಲ್ಲೇನೂ ಕಡಿಮೆಯಿಲ್ಲ. ಬೆಳ್ಳಿ ಗುಂಡಿಯ ಉಡುಪು ತೊಟ್ಟವನು ಹಾಡಿದರೆ ಅದು ಪರಂಪರೆ, ಅಷ್ಟೆ.

2024ರ ಮಾರ್ಚ್‌ನಲ್ಲಿ ಮಸಾತ್ಲಾನ್‌ನಲ್ಲಿ ನಡೆದದ್ದನ್ನು ನೋಡಿ. ಪೆಸಿಫಿಕ್ ತೀರದ ಈ ಊರಿನಲ್ಲಿ ಬಾಂದಾ ತಂಡಗಳು ಮರಳಿನ ಮೇಲೆ ನಡೆಯುತ್ತ, ಕೇಳಿದವರಿಗೆ ಹಾಡಿಗಿಷ್ಟು ಎಂದು ದುಡ್ಡು ಪಡೆದು ನುಡಿಸುತ್ತವೆ. ಟ್ಯೂಬಾ ಹೆಗಲಿಗೆ, ತಂಬೋರಾ ಡೋಲು ಹೊಟ್ಟೆಗೆ, ಕಾಲಡಿ ಕಾದ ಮರಳು. ಒಂದು ಕೊಡೆಯಡಿ ಪ್ರೇಮದ ಹಾಡು, ಹತ್ತು ಮಾರು ಆಚೆ ಇನ್ನೊಂದು ತಂಡದಿಂದ ಇನ್ನೊಂದು ಹಾಡು. ಶಾಂತಿ ಅರಸಿ ಬರುವ ವಿದೇಶಿ ಪ್ರವಾಸಿಗರಿಗೆ ಇದು ಕಿರಿಕಿರಿ ಎಂದು ಹೋಟೆಲ್ ಮಾಲೀಕರು ದನಿ ಎತ್ತಿದರು. ಕಲಾವಿದರು ಕಡಲ ದಂಡೆಯ ರಸ್ತೆಗಿಳಿದು ಊದುತ್ತಲೇ ಮೆರವಣಿಗೆ ಹೊರಟರು. ಪೊಲೀಸರ ಜೊತೆ ತಳ್ಳಾಟವೂ ಆಯಿತು. ಎರಡು ತಂಡಗಳ ನಡುವೆ ಸಿಕ್ಕಿಕೊಂಡವನ ಕಿವಿಯ ಪಾಡು ನನಗೆ ಅರ್ಥವಾಗುತ್ತದೆ. ಆದರೆ ಆ ಜಗಳದಲ್ಲಿ ಬಂದೂಕಿನ ಮಾತೇ ಇರಲಿಲ್ಲ. ಯಾರ ಸದ್ದು ಊರಿನದು, ಯಾರದು ಗಲಾಟೆ ಎಂಬುದಷ್ಟೇ ಪ್ರಶ್ನೆ.

ಗಡಿಯಾಚೆಯೂ ಅದೇ ಕಥೆ. ಲಾಸ್ ಏಂಜಲೀಸ್‌ನಲ್ಲಿ ಬಾಂದಾ, ರಾಂಚೇರಾ ನುಡಿಸುತ್ತಿದ್ದ ಕೆಎಲ್‌ಎಎಕ್ಸ್ ಎಂಬ ರೇಡಿಯೊ ಕೇಂದ್ರ 1992ರ ಕೊನೆಗೆ ಇಂಗ್ಲಿಷ್ ಕೇಂದ್ರಗಳನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನಕ್ಕೇರಿದಾಗ ಉದ್ಯಮದವರು ಎಣಿಕೆಯಲ್ಲೇ ಎಡವಟ್ಟಾಗಿರಬೇಕೆಂದು ಗುಮಾನಿಪಟ್ಟರು. ಎರಡು ದಶಕಗಳ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾದ ಶಾಲೆಗಳ ವಾದ್ಯ ಕೊಠಡಿಗಳಿಂದ ಸಾಲು ಸಾಲಾಗಿ ಟ್ಯೂಬಾಗಳು ಕಳುವಾಗತೊಡಗಿದವು. ಬಾಂದಾ ಹುಚ್ಚು ಏರಿ ಆ ವಾದ್ಯದ ಬೆಲೆಯೂ ಏರಿತ್ತು! ಒಂದು ಸಂಗೀತದ ಜನಪ್ರಿಯತೆಗೆ ಇದಕ್ಕಿಂತ ನಂಬಲರ್ಹ ಪುರಾವೆ ಬೇಕೆ?

ಈಗ ತಕರಾರಿನ ನಡುಮನೆಗೆ ಬರೋಣ: ಕೊರೀಡೊ. ಸ್ಪೇನಿನ ಹಳೆಯ ಕಥನಗೀತೆಯಿಂದ ಇಳಿದು ಬಂದ ಈ ರೂಪ ನಮ್ಮ ಲಾವಣಿಯ ದೂರದ ದಾಯಾದಿಯಂತಿದೆ. ಇಸವಿ, ಊರು, ಹೆಸರು ಹೇಳಿ ಶುರು. ನಡೆದದ್ದನ್ನು ಹೇಳಿ, ಕೇಳುಗರಿಗೆ ವಿದಾಯ ಕೋರಿ ಮುಕ್ತಾಯ. 1901ರಲ್ಲಿ ಟೆಕ್ಸಸ್‌ನಲ್ಲಿ ಗ್ರೆಗೋರಿಯೊ ಕೊರ್ತೆಸ್ ಎಂಬ ರೈತ, ತನ್ನ ಅಣ್ಣನಿಗೆ ಗುಂಡು ಹೊಡೆದ ಶೆರಿಫನನ್ನು ಕೊಂದು ದಿನಗಟ್ಟಲೆ ಪೊಲೀಸರ ಕೈಗೆ ಸಿಗದೆ ಓಡಿದ. ಜಗಳ ಹುಟ್ಟಿದ್ದೇ ದುಭಾಷಿಯ ತಪ್ಪು ಅನುವಾದದಿಂದ. ಅವನ ಮೇಲಿನ ಕೊರೀಡೊವನ್ನು ಹಿಡಿದು ಅಮೆರಿಕೊ ಪರೇದೆಸ್ 1958ರಲ್ಲಿ ಬರೆದ ಗ್ರಂಥ ಈ ಪ್ರಕಾರದ ಅಧ್ಯಯನಕ್ಕೆ ಅಡಿಪಾಯ ಹಾಕಿತು. ಪತ್ರಿಕೆ ಓದಲಾಗದವರಿಗೆ, ಓದಿದರೂ ಅದರಲ್ಲಿ ತಮ್ಮ ಸುದ್ದಿ ಕಾಣದವರಿಗೆ ಕೊರೀಡೊವೇ ಪತ್ರಿಕೆಯಾಗಿತ್ತು ಎಂಬ ಮಾತು ಅಲ್ಲಿಗೆ ಪೂರ್ತಿ ಒಪ್ಪುತ್ತದೆ.

ಕಳ್ಳಸಾಗಣೆಯ ಕೊರೀಡೊಗಳೂ (ನಾರ್ಕೊ ಕೊರೀಡೊ) ಹೊಸವಲ್ಲ, 1930ರ ದಶಕದಿಂದಲೇ ಇವೆ. ಆದರೆ ಅವು ದೊಡ್ಡದಾಗಿ ಹಬ್ಬಿದ್ದು ಸಿನಲೋವಾದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ವಲಸೆ ಹೋದ ಸೋದರರ ತಂಡ ‘ಲೋಸ್ ತಿಗ್ರೆಸ್ ದೆಲ್ ನೊರ್ತೆ’ 1970ರ ದಶಕದಲ್ಲಿ ಹಾಡಿದ ‘ಕೊಂತ್ರಬಾಂದೊ ಇ ತ್ರೈಸಿಯೊನ್’ ಇಂದ. ಕಮೇಲಿಯಾ, ಎಮಿಲಿಯೊ ಎಂಬಿಬ್ಬರು ಕಾರಿನ ಟೈರುಗಳಲ್ಲಿ ಗಾಂಜಾ ತುಂಬಿಕೊಂಡು ತಿಹುಆನಾದಿಂದ ಗಡಿ ದಾಟುತ್ತಾರೆ, ಸರಕು ಮುಟ್ಟಿಸುತ್ತಾರೆ, ಹಣ ಎಣಿಸುತ್ತಾರೆ. ಎಮಿಲಿಯೊ ತನ್ನ ಪ್ರೇಯಸಿಯ ಬಳಿಗೆ ಹೊರಟೆನೆಂದು ಕಮೇಲಿಯಾಳಿಗೆ ವಿದಾಯ ಹೇಳುತ್ತಾನೆ. ಏಳು ಗುಂಡು ಹಾರುತ್ತವೆ. ಪೊಲೀಸರಿಗೆ ಸಿಗುವುದು ಪಿಸ್ತೂಲು ಮಾತ್ರ. ಹಣವೂ ಇಲ್ಲ, ಕಮೇಲಿಯಾಳೂ ಇಲ್ಲ. ಕೆಲವೇ ನಿಮಿಷಗಳಲ್ಲಿ ಒಂದು ಸಿನಿಮಾ. ಹೇಳುವವನು ಬದಿಗೆ ನಿಂತಿದ್ದಾನೆ. ಯಾರನ್ನೂ ಹೊಗಳುವುದಿಲ್ಲ, ಯಾರಿಗೂ ಬುದ್ಧಿ ಹೇಳುವುದಿಲ್ಲ. ಕಮೇಲಿಯಾಳಂಥ ಹೆಣ್ಣು ಮುಂದಿನ ಐವತ್ತು ವರ್ಷಗಳ ಕೊರೀಡೊಗಳಲ್ಲಿ ಎಷ್ಟು ಅಪರೂಪ ಎಂಬುದೂ ಗಮನಿಸಬೇಕಾದ ಸಂಗತಿ. ಜೆನ್ನಿ ರಿವೇರಾ ಬಾಂದಾ ಹಿಮ್ಮೇಳದ ಮುಂದೆ ನಿಂತು ಗಂಡಸರ ಈ ಅಖಾಡಕ್ಕೆ ಸವಾಲು ಹಾಕಿದಳು. 2012ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಳು. ಆ ಜಾಗ ಇನ್ನೂ ತುಂಬಿಲ್ಲ.

ತಿರುವು ಬಂದದ್ದು ಚಾಲೀನೊ ಸಾಂಚೆಸ್‌ನಿಂದ. ಸಿನಲೋವಾದ ಹಳ್ಳಿಯಿಂದ ಲಾಸ್ ಏಂಜಲೀಸ್ ಸೇರಿದ ಈ ಕೂಲಿಗೆ ಒಳ್ಳೆಯ ಕಂಠವಿರಲಿಲ್ಲ. ಮೂಗಿನಿಂದ ಹೊರಡುವ, ಶ್ರುತಿಗೆ ಪೂರ್ತಿ ಕೂರದ ದನಿ. ಅದೇ ಅವನ ಬಂಡವಾಳವಾಯಿತು. ಅದು ತಮ್ಮವನ ದನಿ ಎಂದು ವಲಸಿಗರ ಮಕ್ಕಳಿಗೆ ಅನ್ನಿಸಿತು. ಅವನು ದುಡ್ಡು ಪಡೆದು ಕೊರೀಡೊ ಕಟ್ಟಿಕೊಡುತ್ತಿದ್ದ. ಬಂದವರು ತಮ್ಮ ಹೆಸರು, ಊರು, ಗೆಳೆಯರು, ಇಷ್ಟದ ಪಿಸ್ತೂಲು ಹೇಳಿದರೆ ಹಾಡು ತಯಾರು. ಕ್ಯಾಸೆಟ್ಟುಗಳು ಸಂತೆಗಳಲ್ಲಿ ಬಿಕರಿ. 1992ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಚೆಲ್ಲಾ ಊರಿನ ವೇದಿಕೆಯಲ್ಲೇ ಅವನಿಗೆ ಗುಂಡು ತಗಲಿತು, ಅವನೂ ತಿರುಗಿ ಹಾರಿಸಿದ. ಅದೇ ವರ್ಷದ ಮೇ ತಿಂಗಳಲ್ಲಿ ಕುಲಿಯಾಕಾನ್‌ನಲ್ಲಿ ಕಾರ್ಯಕ್ರಮ ಮುಗಿಸಿ ಹೊರಟವನ ಹೆಣ ಮರುದಿನ ಬೆಳಿಗ್ಗೆ ಸಿಕ್ಕಿತು.

‘ನಾವು ಸಮಾಜದ ಕನ್ನಡಿ, ಇದ್ದದ್ದನ್ನು ಹಾಡುತ್ತೇವೆ’ ಎಂದು ಗಾಯಕರು ಹೇಳುವ ಸಮರ್ಥನೆ ನನಗೆ ಅರ್ಧಕ್ಕೇ ನಿಲ್ಲುವುದು ಇಲ್ಲಿ. ನಾಯಕನೇ ಹಣ ಕೊಟ್ಟು ಬರೆಸಿದ ಹಾಡು ಕನ್ನಡಿಯಲ್ಲ, ಹೊಗಳುಭಟ್ಟರ ಕೆಲಸ. ರಾಜರ ಶಾಸನಗಳಿಗೂ ಆ ದೋಷವಿದೆ, ನಿಜ. ಅವನ್ನು ಯಾರೂ ಸುದ್ದಿಪತ್ರಿಕೆ ಎಂದು ಕರೆಯುವುದಿಲ್ಲ. 2010ರ ಸುಮಾರಿಗೆ ಲಾಸ್ ಏಂಜಲೀಸ್ ಬಳಿಯ ಸ್ಟುಡಿಯೊಗಳಿಂದ ಹೊರಟ ‘ಆಲ್ತೆರಾದೊ’ ಅಲೆಯಲ್ಲಿ ತಲೆ ಕಡಿಯುವುದೂ ಕುಣಿತದ ಹಾಡಾಯಿತು. ಅದನ್ನು ನಾನು ಕೇಳಿ ಬದಿಗಿಟ್ಟಿದ್ದೇನೆ. ಕಲೆಯಾಗಿಯೂ ಅದು ಬಡಕಲು.

ಹಾಗೆಂದು 2019ರ ನಂತರದ ಹುಡುಗರನ್ನು ಅದೇ ಗಂಟಿಗೆ ಕಟ್ಟುವುದು ತಪ್ಪು. ಸೊನೊರಾದ ನತಾನಾಯೆಲ್ ಕಾನೊ ಇನ್ನೂ ಹದಿಹರೆಯದಲ್ಲೇ ಶುರು ಮಾಡಿದ ‘ಕೊರೀಡೊ ತುಂಬಾದೊ’ ಶೈಲಿ ಸಂಗೀತವಾಗಿ ನಿಜಕ್ಕೂ ಹೊಸತು. ಬೆಟ್ಟದ ಸೀಮೆಯ ತ್ರಿವಾದ್ಯ ಮೇಳ, ಅದರ ಮೇಲೆ ರ‍್ಯಾಪ್ ಕೇಳಿ ಬೆಳೆದವರ ಉಡಾಫೆ. 2023ರಲ್ಲಿ ಎಸ್ಲಾಬೊನ್ ಅರ್ಮಾದೊ ಮತ್ತು ಪೆಸೊ ಪ್ಲುಮಾ ಸೇರಿ ಹಾಡಿದ ‘ಎಯ್ಯಾ ಬೈಲಾ ಸೋಲಾ’ ಬಿಲ್‌ಬೋರ್ಡ್ ಹಾಟ್ 100ರಲ್ಲಿ ನಾಲ್ಕನೆಯ ಸ್ಥಾನಕ್ಕೆ ಹೋಯಿತು. ಈ ಪ್ರಕಾರದ ಹಾಡು ಮೊದಲ ಹತ್ತರೊಳಗೆ ಕಾಲಿಟ್ಟದ್ದು ಅದೇ ಮೊದಲು. ಕಿವಿಗೊಟ್ಟು ಕೇಳಿ: ರೆಕಿಂತೊ ಗಿಟಾರ್ ಚುರುಕಾಗಿ ತಂತಿ ಮೀಟುತ್ತ ಸಾಲುಗಳ ನಡುವಿನ ಸಂದು ತುಂಬುತ್ತದೆ, ಟ್ರೊಂಬೋನ್ ಗಾಯಕನ ಮಾತಿಗೆ ಎದುರುತ್ತರ ಕೊಡುತ್ತದೆ, ಪ್ಲುಮಾನ ಒರಟು ದನಿ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿದು ಎಳೆಯುತ್ತದೆ. ಡ್ರಮ್ಮಿಲ್ಲ. ಸಾಹಿತ್ಯದಲ್ಲಿ ಬಂದೂಕೂ ಇಲ್ಲ, ಒಬ್ಬಳೇ ಕುಣಿಯುವ ಹುಡುಗಿಯನ್ನು ಕಂಡ ಹುಡುಗನ ಪಾಡು ಅಷ್ಟೇ. ಇಡೀ ಪರಂಪರೆಯನ್ನು ರಕ್ತದ ಸಂಗೀತ ಎನ್ನುವವರು ಅದರ ಅತಿ ದೊಡ್ಡ ಯಶಸ್ಸನ್ನೇ ಕೇಳಿಲ್ಲ. ಪ್ಲುಮಾನ ‘ಹೆನೆಸಿಸ್’ ಆಲ್ಬಮ್‌ಗೆ 2024ರಲ್ಲಿ ಗ್ರ್ಯಾಮಿಯೂ ಬಂತು. ಅದೇ ಪ್ಲುಮಾ, ಮಾದಕಜಾಲದ ಹೆಸರಿನ ಬೆದರಿಕೆಗಳಿಂದಾಗಿ 2023ರಲ್ಲಿ ತಿಹುಆನಾ ಕಾರ್ಯಕ್ರಮ ಕೈಬಿಡಬೇಕಾಯಿತು. ಹೊಗಳುವ ಹಾಡಿಗೂ ಬೆಲೆ ತೆರಬೇಕಾದ ಲೋಕವಿದು, ಏಕೆಂದರೆ ಒಬ್ಬನ ಹೊಗಳಿಕೆ ಅವನ ವೈರಿಗೆ ಬೈಗುಳ.

ನನ್ನ ತಕರಾರು ಬೇರೆ ಕಡೆ ಇದೆ. ಹೊಸ ಕೊರೀಡೊಗಳಲ್ಲಿ ಬಹುಪಾಲು ಏನೂ ನಡೆಯುವುದಿಲ್ಲ. ನಾನು ಇಂಥ ಕಾರು ಕೊಂಡೆ, ಇಂಥ ಗಡಿಯಾರ ಕಟ್ಟಿದೆ, ಹಿಂದೆ ಬಡವನಿದ್ದೆ, ಈಗ ನನ್ನ ಹುಡುಗರು ಜೊತೆಗಿದ್ದಾರೆ. ಪಟ್ಟಿ ಮುಗಿದರೆ ಹಾಡೂ ಮುಗಿಯಿತು. ಮೋಸವಿಲ್ಲ, ಓಟವಿಲ್ಲ, ಹೆಣವಿಲ್ಲ. ವಿದಾಯದ ಚರಣವೂ ಇಲ್ಲ, ಯಾಕೆಂದರೆ ಯಾರೂ ಎಲ್ಲಿಗೂ ಹೋಗಿಲ್ಲ. ಹಳೆಯ ಹಾಡುಗಳಲ್ಲಿ ಸಾಹಸಿ ಸಾಮಾನ್ಯವಾಗಿ ಸಾಯುತ್ತಿದ್ದ, ಇಲ್ಲವೆ ಜೈಲು ಸೇರುತ್ತಿದ್ದ. ಅದನ್ನು ನೀತಿ ಹೇಳಲೆಂದು ಸೇರಿಸಿದ್ದಲ್ಲ. ಕಥೆ ಅಲ್ಲಿಗೆ ಹೋಗುತ್ತಿತ್ತು. ನುಡಿಸಾಣಿಕೆ ಎಷ್ಟು ಬೆಳೆದಿದೆಯೋ ಕಥನ ಅಷ್ಟೇ ಸೊರಗಿದೆ.

ನಿಷೇಧ ಹೇರುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಸಿನಲೋವಾ ಸರ್ಕಾರ 2011ರಲ್ಲಿ ಬಾರುಗಳಲ್ಲಿ ನಾರ್ಕೊ ಕೊರೀಡೊ ಹಾಡದಂತೆ ಆದೇಶ ತಂದಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದು ಹಾಕಿತು. ಅಷ್ಟರಲ್ಲಿ ಹಾಡುಗಳು ಬಾರಿನಿಂದ ಫೋನಿಗೆ ದಾಟಿಯಾಗಿತ್ತು. ಅಧ್ಯಕ್ಷೆ ಕ್ಲೌದಿಯಾ ಶೇನ್‌ಬಾಮ್ ನಿಷೇಧಕ್ಕೆ ಒಲಿಯದೆ, ಹಿಂಸೆಯನ್ನು ವೈಭವೀಕರಿಸದ ಹಾಡುಗಳಿಗಾಗಿ ಗಡಿಯ ಎರಡೂ ಬದಿಯ ಯುವಕರಿಗೆ 2025ರಲ್ಲಿ ‘ಮೆಹಿಕೊ ಕಾಂತಾ’ ಎಂಬ ಸ್ಪರ್ಧೆ ಏರ್ಪಡಿಸಿದರು. ಜುಲ್ಮಾನೆಗಿಂತ ಇದು ಜಾಣತನದ್ದು, ಒಪ್ಪುತ್ತೇನೆ. ಆದರೂ ಇಂಥದ್ದನ್ನು ಬರೆಯಬೇಡಿ ಎಂಬ ಷರತ್ತಿನಿಂದ ಸಭ್ಯ ಹಾಡು ಹುಟ್ಟೀತು, ಒಳ್ಳೆಯ ಕೊರೀಡೊ ಹುಟ್ಟುವುದು ಅನುಮಾನ. ಕಮೇಲಿಯಾಳ ಏಳು ಗುಂಡುಗಳು ಆ ಸ್ಪರ್ಧೆಯ ಮೊದಲ ಸುತ್ತು ದಾಟುತ್ತಿದ್ದವೇ?

‘ನಾನು’ ಎಂಬ ದನಿಯೇ ಕೊರೀಡೊವನ್ನು ಕೆಡಿಸಿತು ಎಂದು ಕೆಲವು ಹಳಬರು ದೂರುತ್ತಾರೆ. ಲೋಸ್ ತಿಗ್ರೆಸ್ ಅವರದೇ ‘ಲಾ ಹೌಲಾ ದೆ ಓರೊ’ ಕೇಳಿದರೆ ಆ ಮಾತು ನಿಲ್ಲುವುದಿಲ್ಲ. 1980ರ ದಶಕದ ಈ ಹಾಡು ಬರೆದವನು ಎನ್ರೀಕೆ ಫ್ರಾಂಕೊ. ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದು ಹತ್ತು ವರ್ಷ ಕಳೆದ ತಂದೆಯೊಬ್ಬ ತನ್ನ ಕಥೆ ತಾನೇ ಹೇಳುತ್ತಾನೆ. ಕೈಯಲ್ಲಿ ದುಡ್ಡಿದೆ, ಬೀದಿಗಿಳಿದರೆ ಹಿಡಿದು ಕಳಿಸಿಬಿಡುತ್ತಾರೆಂಬ ಹೆದರಿಕೆಯಿದೆ. ಊರಿಗೆ ವಾಪಸ್ ಹೋಗೋಣವೇ ಎಂದು ಮಗನನ್ನು ಕೇಳಿದರೆ, ಮಗ ಇಂಗ್ಲಿಷಿನಲ್ಲಿ ಒಲ್ಲೆ ಎನ್ನುತ್ತಾನೆ. ಅಲ್ಲಿಯೂ ‘ನಾನು’ ಇದ್ದಾನೆ. ಆದರೆ ಪಡೆದದ್ದರ ಜೊತೆ ಕಳೆದುಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ.

ಆ ಮಗನ ವಯಸ್ಸಿನವರಿಗೆ ಈಗ ಬೆಳೆದ ಮಕ್ಕಳಿದ್ದಾರೆ. ಎಸ್ಲಾಬೊನ್ ಅರ್ಮಾದೊ ಕ್ಯಾಲಿಫೋರ್ನಿಯಾದ ಪ್ಯಾಟರ್‌ಸನ್‌ನದು, ಫುಎರ್ಸಾ ರೆಹಿದಾ ಸ್ಯಾನ್ ಬರ್ನಾರ್ಡಿನೊದ್ದು, ಗ್ರುಪೊ ಫ್ರೊಂತೆರಾ ಟೆಕ್ಸಸ್‌ನ ಎಡಿನ್‌ಬರ್ಗ್‌ನದು. ಇಂಗ್ಲಿಷ್ ಶಾಲೆಗಳ ನಾಡಿನ ತಂಡಗಳು ಇವು. ಹಾಡುವುದು ಮಾತ್ರ ಸ್ಪ್ಯಾನಿಷ್‌ನಲ್ಲಿ, ಅಜ್ಜನ ಸೀಮೆಯ ಅಕಾರ್ಡಿಯನ್, ರೆಕಿಂತೊ, ಟ್ಯೂಬಾಗಳ ಜೊತೆ. ಮಕ್ಕಳು ತನ್ನ ನುಡಿ ಬಿಟ್ಟರೆಂದು ಹಾಡಿನ ತಂದೆ ಹೆದರಿದ್ದು ಹುಸಿಯಾಯಿತು.