ಎಬ್ಬಿಸುವ ವಿದ್ಯೆ

ನಮ್ಮೂರು ಹರದನಹಳ್ಳಿ ಅಂದ ಕೂಡಲೇ ‘ಓ, ದೇವೇಗೌಡ್ರ ಊರು’ ಅನ್ನುತ್ತಾರೆ. ಹೌದು, ಅದೇ ಊರು. ಆದರೆ ಈ ಬರಹ ರಾಜಕೀಯದ್ದಲ್ಲ, ಆಸ್ಪತ್ರೆ ಮಂಚದ್ದು. ನಮ್ಮ ಕಡೆ ಕಾಯಿಲೆಯವರು ಅಂದರೆ ಮಲಗಿರಬೇಕು. ಎದ್ದು ಕೂತರೆ ‘ಯಾಕ್ ಎದ್ದೆ, ಮಲಿಕೊ’ ಅಂತ ನಾಲ್ಕು ಜನ ಗದರುತ್ತಾರೆ. ನೋಡಲು ಬಂದವರು ಎಳನೀರು, ಬ್ರೆಡ್ಡು ಇಟ್ಟು, ಹೊದಿಕೆ ಸರಿ ಮಾಡಿ ಹೋಗುತ್ತಾರೆ. ಅದು ನಮ್ಮ ಪ್ರೀತಿ ತೋರಿಸುವ ರೀತಿ.

ದೊಡ್ಡಪ್ಪನಿಗೆ ಲಕ್ವ ಹೊಡೆದು, ಮೇಲೆ ನ್ಯುಮೋನಿಯಾ ಆಗಿ, ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಹಾಕಿದ್ದರು. ಒಂಬತ್ತನೇ ದಿನಕ್ಕೆ ಅದನ್ನು ತೆಗೆದರು. ಅವತ್ತು ಫಿಸಿಯೋಥೆರಪಿ ಇಂಟರ್ನ್ ಒಬ್ಬಳು ಬಂದಳು. ‘ಒಂದು, ಎರಡು’ ಎಂದು ಗಟ್ಟಿಯಾಗಿ ಎಣಿಸುತ್ತಾ ಎರಡೂ ಕಾಲನ್ನು ಹತ್ತತ್ತು ಸಲ ಮಡಿಸಿ ಬಿಟ್ಟಳು. ಪುಸ್ತಕದಲ್ಲಿ ಬರೆದುಕೊಂಡು ಹೋದಳು. ಅಷ್ಟು ಹೊತ್ತೂ ಅವಳ ಕಣ್ಣು ತಲೆಯ ಮೇಲಿನ ಮಾನಿಟರ್ ಕಡೆ ಒಮ್ಮೆಯೂ ಹೋಗಲಿಲ್ಲ.

ಮಾರನೇ ದಿನ ಕೂರಿಸೋಣ ಅಂದಳು. ಸಹಾಯಕ್ಕೆ ನಿಂತ ನಮ್ಮಣ್ಣ, ಭತ್ತದ ಮೂಟೆ ಎತ್ತುವವನ ಹಾಗೆ, ಸ್ವಾಧೀನವಿಲ್ಲದ ಕೈಯ ಕಂಕುಳಿಗೇ ಕೈ ಹಾಕಿ ಎಳೆದ. ಅವಳು ತಡೆಯಲಿಲ್ಲ. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು, ಮಾನಿಟರ್ ಕೂಗಿತು. ಓಡಿ ಬಂದ ಸಿಸ್ಟರ್ ‘ಯಾರ್ರೀ ಎಬ್ಬಿಸೋಕೆ ಹೇಳಿದ್ದು?’ ಎಂದು ಗದರಿ ಮಲಗಿಸಿದರು. ಸಂಜೆ ದೊಡ್ಡವ್ವ ಅವಳ ಕೈ ಹಿಡಿದುಕೊಂಡು, ‘ಎಬ್ಬುಸ್ಬ್ಯಾಡಿ ಕಣವ್ವ, ನಿಮ್ಮ ದಮ್ಮಯ್ಯ’ ಅಂದರು. ಆಮೇಲೆ ಮೂರು ದಿನ ಯಾರೂ ಎಬ್ಬಿಸಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಕಾರಿಡಾರಿನಲ್ಲಿ ಕೇಳಿದೆ. ‘ಸರ್, ಐಸಿಯುನಲ್ಲಿ ಇದು ನನ್ನ ಮೂರನೇ ದಿನ. ಇಷ್ಟು ದಿನ ಓಪಿಡಿಲಿ ಮಂಡಿ ನೋವು, ಸೊಂಟ ನೋವು ನೋಡ್ತಿದ್ದೆ. ಇಲ್ಲಿ ಸೀನಿಯರ್ ಒಬ್ರೇ, ಅವರು ಮೇಲಿನ ವಾರ್ಡಲ್ಲಿದ್ದಾರೆ’ ಅಂದಳು. ಕಣ್ಣು ತುಂಬಿತ್ತು. ಈಗ ನನ್ನ ಸಿಟ್ಟು ಅವಳ ಮೇಲಿಲ್ಲ, ಅವಳನ್ನು ಹಾಗೆ ಒಳಗೆ ಬಿಟ್ಟ ಕ್ರಮದ ಮೇಲೆ.

2025ರ ಸೆಪ್ಟೆಂಬರಿನಲ್ಲಿ ಫಿಸಿಯೋಥೆರಪಿಯವರು ಹೆಸರಿನ ಹಿಂದೆ ‘ಡಾ.’ ಹಾಕಿಕೊಳ್ಳಬಾರದು ಎಂದು ಕೇಂದ್ರದಿಂದ ಒಂದು ಪತ್ರ ಬಂತು. ಮರುದಿನವೇ ಹಿಂದಕ್ಕೂ ಹೋಯಿತು. ಫೇಸ್‌ಬುಕ್ಕಿನಲ್ಲಿ ವಾರಗಟ್ಟಲೆ ಜಗಳ. ಬಿರುದಿನ ಬಗ್ಗೆ ಇಷ್ಟು ಮಾತಾಡಿದ ನಾವು, ಆ ಬಿರುದು ಹೊತ್ತವರು ಐಸಿಯು ಮಂಚದ ಪಕ್ಕ ಮೊದಲ ದಿನ ಯಾರ ಜೊತೆ ನಿಲ್ಲುತ್ತಾರೆ ಅಂತ ಕೇಳಲೇ ಇಲ್ಲ.

ಎಬ್ಬಿಸುವುದು ಯಾಕೆ ಮುಖ್ಯ? ತೀವ್ರ ಕಾಯಿಲೆಯಲ್ಲಿ ಮಲಗಿದವರ ತೊಡೆಯ ಸ್ನಾಯು ಹತ್ತು ದಿನದಲ್ಲಿ ಸುಮಾರು 18% ಕರಗುತ್ತದೆ ಎಂದು 2013ರಲ್ಲಿ ಬ್ರಿಟನ್ನಿನವರು ಅಳೆದು ತೋರಿಸಿದರು. ಅದಕ್ಕೂ ಮೊದಲು, 2009ರಲ್ಲಿ, ಅಮೆರಿಕದಲ್ಲಿ ವೆಂಟಿಲೇಟರ್ ಮೇಲಿದ್ದ 104 ಜನರನ್ನು ಎರಡು ಗುಂಪು ಮಾಡಿ ನೋಡಿದ್ದರು. ಬೇಗ ಕೂರಿಸಿ, ನಿಲ್ಲಿಸಿದ ಗುಂಪಿನಲ್ಲಿ 59% ಜನ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು, ಇನ್ನೊಂದರಲ್ಲಿ 35%.

ಹಾಗಾದರೆ ಎಲ್ಲರನ್ನೂ ಬೇಗ ಎಬ್ಬಿಸಿಬಿಡೋಣವೇ? ಅಲ್ಲೇ ಇರೋದು ಕಷ್ಟ. 2015ರಲ್ಲಿ 2104 ಲಕ್ವದ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿದವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರು 46%. ಸಾಮಾನ್ಯ ಆರೈಕೆ ಪಡೆದವರಲ್ಲಿ 50%. 2022ರಲ್ಲಿ ವೆಂಟಿಲೇಟರಿನ 750 ರೋಗಿಗಳ ಮೇಲೆ ನಡೆದ ಇನ್ನೊಂದರಲ್ಲಿ, ಇನ್ನೂ ಬೇಗ, ಇನ್ನೂ ಹೆಚ್ಚು ಚಲನೆ ಮಾಡಿಸಿದ್ದರಿಂದ ಲಾಭ ಕಾಣಲಿಲ್ಲ, ತೊಂದರೆಗಳು ಹೆಚ್ಚಾದವು. ಅಂದರೆ ವಿದ್ಯೆ ಇರುವುದು ವ್ಯಾಯಾಮದಲ್ಲಿ ಅಲ್ಲ. ಇವರನ್ನು, ಇವತ್ತು, ಈ ಹೊತ್ತಿನಲ್ಲಿ ಎಷ್ಟು ಎಬ್ಬಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವುದರಲ್ಲಿ.

ಇದಕ್ಕೆ ಕೈಮರವೂ ಇದೆ. 2014ರಲ್ಲಿ ತಜ್ಞರು ಸೇರಿ ವೆಂಟಿಲೇಟರ್ ರೋಗಿಗಳಿಗಾಗಿ ಟ್ರಾಫಿಕ್ ಸಿಗ್ನಲ್ ಥರ ಹಸಿರು, ಹಳದಿ, ಕೆಂಪಿನ ಒಂದು ಪಟ್ಟಿ ಮಾಡಿದರು. ಆಮ್ಲಜನಕ ಎಷ್ಟು, ಉಸಿರಿನ ವೇಗ ಎಷ್ಟು, ಬಿಪಿ ಎಷ್ಟು ಎಂದು ನೋಡಿ ಮುಂದುವರಿಯಬೇಕು. ಕೋಡ್ ಬರೆಯುವ ನನಗೆ ಇಂಥ ಪಟ್ಟಿ ಬಹಳ ಇಷ್ಟ. ಆದರೆ ಪಟ್ಟಿಯಲ್ಲಿ ಹಳದಿಯೇ ಕಷ್ಟದ ಬಣ್ಣ. ಅಲ್ಲಿ ಡಾಕ್ಟರ್, ಸಿಸ್ಟರ್ ಜೊತೆ ಮಾತಾಡಿ ನಿರ್ಧರಿಸಬೇಕು. ಸಿಸ್ಟರ್ ಜೊತೆ ಮಾತಾಡೋಕೇ ಹೆದರುವ ಮೂರನೇ ದಿನದ ಇಂಟರ್ನ್‌ಗೆ ಆ ಪಟ್ಟಿ ಬಾಯಿಪಾಠವಾಗಿದ್ದರೂ ಏನು ಬಂತು?

ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಬಿಪಿಟಿ ಅಂದರೆ ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್ ಎಂದಿತ್ತು. 2021ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಆಯೋಗದ ಹೊಸ ಪಠ್ಯಕ್ರಮ ಇಂಟರ್ನ್‌ಶಿಪ್ಪನ್ನು ಒಂದು ವರ್ಷ ಮಾಡಿದೆ. ಒಳ್ಳೆಯದೇ. ಆದರೆ ಸೀನಿಯರ್ ಮೇಲಿನ ವಾರ್ಡಿನಲ್ಲೇ ಇದ್ದರೆ, ಆರು ತಿಂಗಳ ಒಂಟಿತನ ಒಂದು ವರ್ಷದ ಒಂಟಿತನವಾಗುತ್ತದೆ, ಅಷ್ಟೆ. ಕೆಲಸಕ್ಕೆ ಸಂಬಳದ ಸಿಬ್ಬಂದಿ ಸಾಲದ ಕಡೆ ಇಂಟರ್ನ್ ಅಂದರೆ ಕಡಿಮೆ ಖರ್ಚಿನ ಆಳು ಆಗಿಬಿಡುವ ಅಪಾಯವೂ ಇದೆ.

ನಮ್ಮೂರಲ್ಲಿ ಹೋರಿಗೆ ಗೇಯುವುದು ಕಲಿಸೋದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮೊದಲ ದಿನವೇ ನೇಗಿಲು ಕಟ್ಟುವುದಿಲ್ಲ. ಪಳಗಿದ ಎತ್ತಿನ ಜೊತೆ ನೊಗಕ್ಕೆ ಹೂಡಿ, ಹಿಂದೆ ಒಂದು ಕೊರಡು ಕಟ್ಟಿ, ಬೀಳು ಹೊಲದಲ್ಲಿ ಎಳೆಸುತ್ತಾರೆ. ಹೋರಿ ಬೆದರಿ ಅಡ್ಡಾದಿಡ್ಡಿ ಹೋದರೂ ಬೆಳೆ ಹಾಳಾಗುವುದಿಲ್ಲ. ನಮ್ಮ ಆಫೀಸಿನಲ್ಲೂ ಹೊಸಬರಿಗೆ ಮೊದಲ ವಾರವೇ ಪ್ರೊಡಕ್ಷನ್ ಸರ್ವರ್ ಮುಟ್ಟಲು ಬಿಡುವುದಿಲ್ಲ, ತಪ್ಪು ಮಾಡೋಕೆ ಅಂತಲೇ ಬೇರೆ ಸರ್ವರ್ ಇಟ್ಟಿರುತ್ತೇವೆ.

ಐಸಿಯುಗೂ ಇಂಥ ಕೊರಡು ಇದೆ. ರೋಗಿಯ ಪಾತ್ರ ಮಾಡುವವರು, ಗೊಂಬೆ, ಕೂಗುವ ಮಾನಿಟರ್ ಇಟ್ಟು ಆಸ್ಟ್ರೇಲಿಯಾದವರು ಫಿಸಿಯೋ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ಪರೀಕ್ಷಿಸಿದರು. ಆಸ್ಪತ್ರೆಯ ನಾಲ್ಕು ವಾರದ ತರಬೇತಿಯಲ್ಲಿ ಒಂದು ವಾರದಷ್ಟನ್ನು ಹೀಗೆ ಮಾಡಿಸಿದರೂ ವಿದ್ಯಾರ್ಥಿಗಳ ಸಾಮರ್ಥ್ಯ ಕಡಿಮೆಯಾಗಲಿಲ್ಲ ಎಂದು 2012–13ರಲ್ಲಿ ಪ್ರಕಟಿಸಿದರು. ದುಬಾರಿ ಗೊಂಬೆಯೇ ಬೇಕೆಂದಿಲ್ಲ. ಒಂದು ಮಂಚ, ರೋಗಿಯಾಗಿ ಮಲಗಲು ಒಬ್ಬ ಸಹಪಾಠಿ, ಮೈಗೆ ಅಂಟಿಸಿದ ನಾಲ್ಕು ಟ್ಯೂಬು, ‘ಎಬ್ಬುಸ್ಬ್ಯಾಡಿ’ ಎನ್ನುವ ದೊಡ್ಡವ್ವನ ಪಾತ್ರಕ್ಕೆ ಒಬ್ಬಳು, ಕಂಕುಳಿಗೆ ಕೈ ಹಾಕುವ ಅಣ್ಣನ ಪಾತ್ರಕ್ಕೆ ಒಬ್ಬ. ಇಷ್ಟಿದ್ದರೆ ಶುರು ಮಾಡಬಹುದು. ಆದರೆ ಕೊರಡು ಎಳೆದ ಮೇಲೂ ಪಕ್ಕದಲ್ಲಿ ಪಳಗಿದ ಎತ್ತು ಬೇಕೇ ಬೇಕು.

ಇನ್ನೊಂದು ಬದಲಾವಣೆ ಪರೀಕ್ಷೆಯಲ್ಲಾಗಬೇಕು. ಎಷ್ಟು ರೋಗಿಗಳನ್ನು ನೋಡಿದೆ ಎಂದು ಪುಸ್ತಕ ತುಂಬಿಸುವ ಜೊತೆಗೆ, ಯಾರನ್ನು ಎಬ್ಬಿಸದೆ ಬಿಟ್ಟೆ, ಯಾಕೆ, ಆಮೇಲೆ ಯಾವಾಗ ಎಬ್ಬಿಸಿದೆ ಎಂದೂ ಬರೆಸಬೇಕು, ಅದಕ್ಕೂ ಅಂಕ ಕೊಡಬೇಕು. ‘ಇವತ್ತು ಬೇಡ’ ಎಂದು ಧೈರ್ಯವಾಗಿ ಹೇಳಿ, ನಾಳೆ ಮರೆಯದೆ ಬರುವವಳೇ ಕಲಿತವಳು.

ನಾಲ್ಕನೇ ದಿನ ಆ ಸೀನಿಯರ್ ಬಂದರು. ಮೊದಲು ಮಾನಿಟರ್ ನೋಡಿದರು, ಸಿಸ್ಟರನ್ನು ಕೇಳಿದರು, ಟ್ಯೂಬುಗಳನ್ನು ಒಂದು ಬದಿಗೆ ತಂದರು. ಆ ಹುಡುಗಿಯ ಕೈಯನ್ನು ದೊಡ್ಡಪ್ಪನ ಭುಜದ ಹಿಂದೆ ಇಡಿಸಿ, ‘ಕೈ ಎಳೀಬಾರದು, ಇಲ್ಲಿ ಆಧಾರ ಕೊಡು. ಮುಖ ನೋಡ್ತಿರು’ ಅಂದರು. ದೊಡ್ಡಪ್ಪ ಮಂಚದ ಅಂಚಿನಲ್ಲಿ ನಾಲ್ಕು ನಿಮಿಷ ಕೂತರು. ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದರು. ಒಟ್ಟು ಹತ್ತು ನಿಮಿಷದ ಪಾಠ. ಅದನ್ನು ಅವಳಿಗೆ ಮೊದಲ ದಿನವೇ ಮಾಡಿದ್ದರೆ ಆಗುತ್ತಿತ್ತು.

ದೊಡ್ಡಪ್ಪ ಈಗ ಕೋಲೂರಿಕೊಂಡು ಜಗಲಿವರೆಗೆ ಬರುತ್ತಾರೆ. ಎಡ ಭುಜ ಇನ್ನೂ ನೋಯುತ್ತದೆ.