ತುಪ್ಪದಿಂದ ಕೊಲೆಸ್ಟರಾಲ್ ನಿಷ್ಕಾಸನ: ಒಂದು ವಿಮರ್ಶೆ

ತುಪ್ಪದಿಂದ ಕೊಲೆಸ್ಟರಾಲನ್ನು ಬೇರ್ಪಡಿಸುವ ವಿಧಾನವನ್ನು ಕುರಿತು ಎರಡು ವಾದಗಳು ಕೇಳಿಬರುತ್ತವೆ. ಪ್ರಕೃತಿಸಿದ್ಧವಾದ ದ್ರವ್ಯದಿಂದ ಒಂದಂಶವನ್ನು ತೆಗೆದಮೇಲೆ ಅದು ಘೃತವೇ ಅಲ್ಲವೆಂದು ಕೆಲವರು; ತೆಗೆದಮೇಲೆ ಅದನ್ನು ಯಥೇಚ್ಛವಾಗಿ ಸೇವಿಸಬಹುದೆಂದು ಮತ್ತೆ ಕೆಲವರು. ಎರಡೂ ವಿಚಾರಕ್ಕೆ ನಿಲ್ಲತಕ್ಕವಲ್ಲ.

ಮೊದಲು ಕ್ರಿಯೆಯ ಸ್ವರೂಪವನ್ನು ತಿಳಿಯಬೇಕು. ಪಿಷ್ಟದಿಂದ ಕಿಣ್ವದ ಮೂಲಕ ಪಡೆಯುವ ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್ ಎಂಬುದು 7 ಗ್ಲೂಕೋಸ್ ಘಟಕಗಳು ಬಳೆಯಂತೆ ಕೂಡಿದ ವಸ್ತು. ಅದರ ಹೊರಮೈ ನೀರಿಗೆ ಒಗ್ಗುವುದು. ಒಳಗಿನ ಪೊಳ್ಳು ಜಿಡ್ಡಿಗೆ ಒಗ್ಗುವುದು. ಕರಗಿದ ತುಪ್ಪದೊಡನೆ ಇದನ್ನೂ ನೀರನ್ನೂ ಸೇರಿಸಿ ಕಡೆದರೆ ಕೊಲೆಸ್ಟರಾಲಿನ ಅಣು ಆ ಪೊಳ್ಳನ್ನು ಹೊಕ್ಕು ನಿಲ್ಲುತ್ತದೆ. ಆ ಜೋಡಿಯನ್ನು ವೇಗವಾಗಿ ತಿರುಗುವ ಯಂತ್ರದಿಂದ ಪ್ರತ್ಯೇಕಿಸುತ್ತಾರೆ. ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನ ಸಂಸ್ಥೆಯು ಈ ಮಾರ್ಗವನ್ನು ತುಪ್ಪಕ್ಕೆ ಅಳವಡಿಸಿದೆ. (ಆ ಸಂಸ್ಥೆ 1923ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1955ರಲ್ಲಿ ಅದರ ಕೇಂದ್ರವು ಕರ್ನಾಲಿಗೆ ಹೋಯಿತು.)

ಚರಕಸಂಹಿತೆಯ ವಿಮಾನಸ್ಥಾನದ ಪ್ರಥಮಾಧ್ಯಾಯವು ಸಂಸ್ಕಾರವೆಂದರೆ ಗುಣಾಂತರವನ್ನುಂಟುಮಾಡುವುದೆಂದು ನಿರ್ವಚಿಸಿ, ನೀರು, ಅಗ್ನಿ, ಶೌಚ, ಮಂಥನಗಳನ್ನು ಅದರ ಸಾಧನಗಳಲ್ಲಿ ಎಣಿಸಿದೆ. ಬೆಣ್ಣೆಯನ್ನು ಕಾಯಿಸಿ ಗಸಿಯನ್ನು ಸೋಸುವುದೂ ನಿಷ್ಕಾಸನವೇ ಅಲ್ಲವೆ? ಆದಕಾರಣ ಮೊದಲನೆಯ ವಾದವು ತನ್ನ ಅಡುಗೆಮನೆಯಲ್ಲಿಯೇ ಸೋಲುತ್ತದೆ.

ಎರಡನೆಯದು ಹೆಚ್ಚು ಅಪಾಯಕರ; ಏಕೆಂದರೆ ಅದನ್ನು ನಂಬುವವನು ಬಹುಶಃ ಹೃದ್ರೋಗಿಯೇ ಆಗಿರುತ್ತಾನೆ. ಇದಕ್ಕೆ ಮೂಲ ಶಬ್ದದೋಷ. ಕನ್ನಡದಲ್ಲಿ ಕೊಲೆಸ್ಟರಾಲನ್ನು ‘ಕೊಬ್ಬು’ ಎಂದೇ ಬರೆಯುವ ರೂಢಿ ಬಿದ್ದಿದೆ. ಪಿತ್ತಾಶಯದ ಕಲ್ಲುಗಳಲ್ಲಿ ಕಂಡದ್ದರಿಂದ, ‘ಪಿತ್ತ’ ‘ಘನ’ ಎಂಬರ್ಥದ ಗ್ರೀಕ್ ಶಬ್ದಗಳನ್ನು ಕೂಡಿಸಿ ಫ್ರಾನ್ಸಿನ ಶೆವ್ರಲ್ ಎಂಬ ರಸಾಯನಜ್ಞನು ಹೆಸರಿಟ್ಟ ಈ ವಸ್ತು ತುಪ್ಪದ ನೂರು ಭಾಗಗಳಲ್ಲಿ ಅರ್ಧ ಭಾಗವೂ ಇಲ್ಲ. ಅದನ್ನು ತೆಗೆದರೂ ಕೊಬ್ಬೆಲ್ಲ ಹಾಗೆಯೇ ಉಳಿಯುತ್ತದೆ. ಅದರಲ್ಲಿ ಅರ್ಧಕ್ಕೆ ಮಿಕ್ಕಿದ್ದು ಸಂತೃಪ್ತವಾದದ್ದು. ರಕ್ತದ ಕೊಲೆಸ್ಟರಾಲನ್ನು ಯಕೃತ್ತು ಹಿಂದಕ್ಕೆ ಹೀರಿಕೊಳ್ಳುವ ಶಕ್ತಿಯನ್ನು ಕುಗ್ಗಿಸಿ ಅದನ್ನು ಏರಿಸುವುದು ಈ ಸಂತೃಪ್ತ ಕೊಬ್ಬೇ. ಉಂಡ ಕೊಲೆಸ್ಟರಾಲಿನ ಪ್ರಭಾವವು ಬಹುಮಂದಿಗೆ ಇದಕ್ಕಿಂತ ಅಲ್ಪ.

ಮೇಲೆ ಹೇಳಿದ ಅಧ್ಯಾಯವೇ ಆಹಾರವಿಚಾರದ ಎಂಟು ಅಂಗಗಳಲ್ಲಿ ಸಂಸ್ಕಾರರೂಪವಾದ ಕರಣವನ್ನೂ ಪ್ರಮಾಣರೂಪವಾದ ರಾಶಿಯನ್ನೂ ಬೇರೆಬೇರೆಯಾಗಿ ಹೇಳಿದೆ. ಒಂದು ಇನ್ನೊಂದರ ಸ್ಥಾನವನ್ನು ಆಕ್ರಮಿಸಲಾರದು. ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ತೆಗೆದ ತುಪ್ಪ’ ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿಸುವವರು ಉಳಿದ ಸಂತೃಪ್ತ ಕೊಬ್ಬಿನ ಪ್ರಮಾಣವನ್ನೂ ಅಷ್ಟೇ ದಪ್ಪಕ್ಷರದಲ್ಲಿ ಅಚ್ಚುಹಾಕಿಸತಕ್ಕದ್ದು.