ಖಾಲಿ ಹೊಲದ ಸಂಗೀತ

ವರ್ಷದ ಕೊನೆಗೆ ಆ್ಯಪ್ ತಾನೇ ಲೆಕ್ಕ ಒಪ್ಪಿಸಿಬಿಡುತ್ತೆ: ಇಷ್ಟು ನಿಮಿಷ ಕೇಳಿದಿರಿ, ಇವರನ್ನೇ ಹೆಚ್ಚು ಕೇಳಿದಿರಿ ಅಂತ. ನನ್ನ ಪಟ್ಟಿಯಲ್ಲಿ ಈ ಸಲ ಎರಡೇ ಜಾತಿ. ಒಂದು ಆ್ಯಂಬಿಯೆಂಟ್. ಬಹುಪಾಲು ಮಾತಿಲ್ಲ, ತಾಳವಿಲ್ಲ, ಸ್ವರಗಳು ಹೊಗೆಯ ಹಾಗೆ ತೇಲ್ತಾ ಇರುತ್ತವೆ. ಇನ್ನೊಂದು ಅಮೆರಿಕಾನಾ. ಅಮೆರಿಕದ ಜಾನಪದ, ಕಂಟ್ರಿ, ಬ್ಲೂಸ್ ಎಲ್ಲ ಬೆರೆತದ್ದು. ತುಂಬಾ ಮಾತು, ತುಂಬಾ ಕಥೆ. ಮೇಲ್ನೋಟಕ್ಕೆ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಇವೆರಡೂ ಸೇರುವ ಜಾಗ ಒಂದಿದೆ. ಈ ವರ್ಷ ನಾನು ಹೆಚ್ಚಾಗಿ ಠಿಕಾಣಿ ಹೂಡಿದ್ದು ಅಲ್ಲೇ.

ಆ ಜಾಗಕ್ಕೆ ಬಾಗಿಲು 1983ರ ‘ಅಪೊಲೊ: ಅಟ್ಮಾಸ್ಫಿಯರ್ಸ್ ಅಂಡ್ ಸೌಂಡ್‌ಟ್ರ್ಯಾಕ್ಸ್’. ಮಾಡಿದವರು ಬ್ರಯಾನ್ ಈನೊ, ಅವರ ತಮ್ಮ ರೋಜರ್ ಈನೊ ಮತ್ತು ಕೆನಡಾದ ಡೇನಿಯಲ್ ಲಾನ್ವಾ. ಅಪೊಲೊ ಯಾನಗಳ ಮೇಲಿನ ಒಂದು ಸಾಕ್ಷ್ಯಚಿತ್ರಕ್ಕೆ ಅಂತ ಮಾಡಿದ ಸಂಗೀತ ಇದು. ಆ ಗಗನಯಾತ್ರಿಗಳು ಹೋಗುವಾಗ ಕಂಟ್ರಿ ಹಾಡುಗಳ ಕ್ಯಾಸೆಟ್ ಒಯ್ದಿದ್ದರು. ಈನೊ ಆ ಸಂಗತಿಯನ್ನು ಹಿಡಿದುಕೊಂಡರು. ಅದಕ್ಕೇ ಚಂದ್ರನ ನಿಶ್ಶಬ್ದದ ನಡುವೆ ‘ಡೀಪ್ ಬ್ಲೂ ಡೇ’ಯಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಕೇಳಿಸುತ್ತೆ. 1996ರ ‘ಟ್ರೈನ್‌ಸ್ಪಾಟಿಂಗ್’ ನೋಡಿದವರಿಗೆ ಇದು ಗೊತ್ತಿರುತ್ತೆ, ಆ ಗಲೀಜು ಕಕ್ಕಸಿನ ದೃಶ್ಯದಲ್ಲಿ ಬರೋದು ಇದೇ.

ಪೆಡಲ್ ಸ್ಟೀಲ್ ಅಂದರೆ ಮೇಜಿನಂತೆ ಮಲಗಿಸಿದ ಗಿಟಾರ್. ಸಾಮಾನ್ಯವಾಗಿ ಹತ್ತು ತಂತಿ. ಒಂದು ಕೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಕಾಲಿನ ಪೆಡಲ್, ಮೊಣಕಾಲಿಗೆ ತಾಗುವ ಲಿವರ್ ಒತ್ತಿದರೆ ಸ್ವರ ಏರುತ್ತೆ, ಇಳಿಯುತ್ತೆ. ಮೂಲ ಹವಾಯಿ ದ್ವೀಪದ್ದು. ಅದೇ ಹವಾಯಿಯನ್ ಗಿಟಾರ್ ನಮ್ಮ ದೇಶಕ್ಕೂ ಬಂದು ಹಿಂದಿ ಸಿನಿಮಾ ಹಾಡುಗಳಲ್ಲಿ ಸೇರಿಕೊಂಡಿತು, ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನವೀಣೆ ಆಯಿತು. ಹಾಗಾಗಿ ಈ ಜಾರುವ ಸ್ವರ ನಮ್ಮ ಕಿವಿಗೆ ಹೊಸಬರ ಮನೆ ಅನ್ನಿಸಲ್ಲ.

ಇವತ್ತು ಈ ದಾರಿಗೆ ‘ಆ್ಯಂಬಿಯೆಂಟ್ ಕಂಟ್ರಿ’ ಅಂತ ಹೆಸರೇ ಬಿದ್ದಿದೆ. ಅದರಲ್ಲಿ ಮೊದಲು ಹೇಳಬೇಕಾದವರು ನ್ಯೂಯಾರ್ಕ್‌ನ ‘ಸಸ್’ ತಂಡ. 2018ರ ‘ಘೋಸ್ಟ್ ಬಾಕ್ಸ್’ ನಾನು ಕೋಡ್ ಬರೆಯುವಾಗ ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ. 2021ರ ‘ನೈಟ್ ಸೂಟ್’ ಇನ್ನೂ ಚೆಂದ. ಗ್ಯಾಲಪ್, ಫ್ಲ್ಯಾಗ್‌ಸ್ಟಾಫ್, ನೀಡಲ್ಸ್ ಹೀಗೆ ಪಶ್ಚಿಮ ಅಮೆರಿಕದ ಹೆದ್ದಾರಿ ಊರುಗಳ ಹೆಸರನ್ನೇ ತುಣುಕುಗಳಿಗೆ ಇಟ್ಟಿದ್ದಾರೆ. ರಾತ್ರಿ ಕಾರಿನ ಕಿಟಕಿಯಾಚೆ ಬಯಲು ಸರಿದ ಹಾಗೆ ಸಂಗೀತ ಸರಿಯುತ್ತೆ.

ನನ್ನ ತಕರಾರು ಶುರುವಾಗೋದೂ ಇಲ್ಲೇ. ಕಾರು ಎಲ್ಲೂ ನಿಲ್ಲಲ್ಲ. ಆ ಬಯಲಲ್ಲಿ ಒಬ್ಬ ಮನುಷ್ಯನ ಸುಳಿವಿಲ್ಲ. ಊರಲ್ಲಿ ಬೀಳುಬಿದ್ದ ಹೊಲ ಕಂಡರೆ ಯಾರೂ ‘ಆಹಾ, ಎಷ್ಟು ಪ್ರಶಾಂತ’ ಅನ್ನಲ್ಲ. ಯಾರದು, ಯಾಕೆ ಬಿತ್ತಿಲ್ಲ, ಸಾಲ ಆಯ್ತಾ, ಮಕ್ಕಳು ಬೆಂಗಳೂರಿಗೆ ಹೋದ್ರಾ ಅಂತ ಕೇಳ್ತಾರೆ. ಖಾಲಿ ಜಾಗ ನೆಮ್ಮದಿಯಾಗಿ ಕಾಣೋದು ಹಾದು ಹೋಗುವವರಿಗೆ ಮಾತ್ರ.

ಮಾತೇ ಇಲ್ಲದ ಸಂಗೀತದಿಂದ ಇಷ್ಟೆಲ್ಲ ಕೇಳೋದು ಅನ್ಯಾಯ ಅಲ್ವಾ, ‘ಅಪೊಲೊ’ದಲ್ಲೂ ಮನುಷ್ಯರ ದನಿ ಇಲ್ವಲ್ಲ ಅಂತ ನೀವು ಕೇಳಬಹುದು. ಸರಿಯೇ. ಆದರೆ ಚಂದ್ರ ನಿಜಕ್ಕೂ ಖಾಲಿ. ಗ್ಯಾಲಪ್ ಖಾಲಿ ಅಲ್ಲ, ಅದರ ಮಗ್ಗುಲಲ್ಲೇ ನವಾಹೋ ಜನರ ನಾಡಿದೆ. ಮೇಲಾಗಿ ಈನೊ ಆ ಶೂನ್ಯದೊಳಕ್ಕೆ ತಂದ ಪೆಡಲ್ ಸ್ಟೀಲ್ ಮನೆ ಬಿಟ್ಟು ಬಂದವರ ನೆನಪು, ಕ್ಯಾಸೆಟ್‌ನೊಳಗಿನ ಊರು. ‘ಸಸ್’ ಕೈಯಲ್ಲಿ ಅದೇ ವಾದ್ಯ ಊರನ್ನು ಅಳಿಸಿ ಬಯಲು ಮಾಡುತ್ತೆ. ಕೇಳಲು ಹಿತ, ನಿಜ. ಆ ಹಿತಕ್ಕೆ ನನಗೆ ಸ್ವಲ್ಪ ಅಳುಕಿದೆ.

ಹಾಗಾದರೆ ನಿಧಾನವೂ ಬೇಕು, ಜನವೂ ಬೇಕು ಅನ್ನೋರು ಎಲ್ಲಿಗೆ ಹೋಗಬೇಕು? ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಹತ್ತಿರ. 2001ರ ‘ಟೈಮ್ (ದ ರೆವಲೇಟರ್)’ ಆಲ್ಬಮ್ಮಿನ ಕೊನೆಯ ಹಾಡು ‘ಐ ಡ್ರೀಮ್ ಎ ಹೈವೇ’ ಹದಿನಾಲ್ಕು ನಿಮಿಷಕ್ಕೂ ಉದ್ದ. ಡ್ರಮ್ಸ್ ಇಲ್ಲ, ಎರಡು ಗಿಟಾರು, ಎರಡು ಗಂಟಲು, ಅಷ್ಟೇ. ಲಯ ಎಷ್ಟು ನಿಧಾನ ಅಂದರೆ ಅರ್ಧ ದಾರಿಯಲ್ಲಿ ಕಾಲದ ಅಂದಾಜೇ ತಪ್ಪುತ್ತೆ. ಆ್ಯಂಬಿಯೆಂಟ್ ಮಾಡಬೇಕಾದ ಕೆಲಸವನ್ನೆಲ್ಲ ಮಾಡಿಯೂ ಇಲ್ಲಿ ಒಬ್ಬಳು ಯಾರನ್ನೋ ಹಂಬಲಿಸ್ತಾ ಇದ್ದಾಳೆ ಅನ್ನೋದನ್ನು ಮರೆಯಲು ಬಿಡಲ್ಲ.

ಇವರದೇ 2024ರ ‘ವುಡ್‌ಲ್ಯಾಂಡ್’ ನನ್ನ ವರ್ಷದ ಆಲ್ಬಮ್. ನ್ಯಾಶ್‌ವಿಲ್‌ನಲ್ಲಿ ಇವರ ಸ್ಟುಡಿಯೋ ಇದೆ. 2020ರ ಮಾರ್ಚ್‌ನಲ್ಲಿ ಸುಂಟರಗಾಳಿ ಅದರ ಸೂರು ಕಿತ್ತಿತ್ತು. ಆ ಸ್ಟುಡಿಯೋದ ಹೆಸರೇ ಆಲ್ಬಮ್ಮಿಗೆ. ಮೊದಲ ಹಾಡಲ್ಲೇ ಒಂದು ಖಾಲಿ ರೈಲು ಡಬ್ಬಿ ಬರುತ್ತೆ, ಅದರ ತುಂಬ ಆಕಾಶ. ಇಲ್ಲಿಯೂ ಖಾಲಿತನವೇ. ಆದರೆ ಅದನ್ನು ನೋಡುವವಳೊಬ್ಬಳು ಇದ್ದಾಳೆ, ಕಂಡದ್ದೇನು ಅಂತ ಬೆಚ್ಚಿ ಕೇಳ್ತಾಳೆ. ನಾನು ಇಡೀ ವರ್ಷ ಹುಡುಕಿದ್ದು ಆ ಬೆಚ್ಚುವಿಕೆಯನ್ನೇ.

ಗಮನ ಕೊಟ್ಟು ಕೇಳಿದರೂ ಸರಿ, ಗಮನ ಬಿಟ್ಟರೂ ಸರಿ, ಎರಡಕ್ಕೂ ಒದಗಬೇಕು ಅನ್ನೋದು 1978ರಲ್ಲಿ ಆ್ಯಂಬಿಯೆಂಟ್ ಬಗ್ಗೆ ಈನೊ ಬರೆದದ್ದರ ಸಾರ. ನಮ್ಮ ಆಫೀಸಿನ ‘ಫೋಕಸ್’ ಪ್ಲೇಲಿಸ್ಟುಗಳು ಎರಡನೇ ಅರ್ಧವನ್ನಷ್ಟೇ ಇಟ್ಟುಕೊಂಡಿವೆ. ಸ್ಪ್ರಿಂಟ್ ಮುಗಿಸಲು ಅದು ಸಾಕು. ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಮೊದಲು ‘ಅಪೊಲೊ’, ಆಮೇಲೆ ‘ವುಡ್‌ಲ್ಯಾಂಡ್’ ಹಾಕಿ. ಬೇರೆ ಏನೂ ಮಾಡದೆ ಕೇಳಿ ನೋಡಿ.